ಬಣ್ಣ ಎಲ್ಲಿ ಕೂರಬೇಕು? ತೊಗಲಿನ ವಸ್ತುವಿಗೆ ಮನೆಯಲ್ಲೇ ಹೊಸ ಬಣ್ಣ

ಕೈಚೀಲದ ಹೊಲಿಗೆ ಇನ್ನೂ ಗಟ್ಟಿಯಾಗಿದೆ, ಜಿಪ್ಪು ಸಲೀಸಾಗಿ ಓಡುತ್ತದೆ, ಹೆಗಲ ಪಟ್ಟಿ ಹರಿದಿಲ್ಲ. ಬಣ್ಣ ಮಾತ್ರ ಮಾಸಿದೆ. ಇಲ್ಲವೇ, ಬೂಟು ಕಾಲಿಗೆ ಚೆನ್ನಾಗಿ ಒಗ್ಗಿದೆ, ಕಂದಿನ ಬದಲು ಕಪ್ಪಾಗಿದ್ದರೆ ಕಚೇರಿಗೂ ಆಗುತ್ತಿತ್ತು. ಹೀಗೆ ಬಾಳಿಕೆ ಇನ್ನೂ ಉಳಿದಿರುವ ವಸ್ತುವನ್ನು ಎಸೆಯಲು ಮನಸ್ಸು ಬಾರದವರು ಮನೆಯಲ್ಲೇ ಬಣ್ಣ ಬದಲಿಸಲು ಹೊರಡುತ್ತಾರೆ. ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ಬಣ್ಣ ಕೊಳ್ಳಬೇಕು ಎಂದು. ಆ ಪ್ರಶ್ನೆಯಿಂದ ಶುರುವಾದ ಕೆಲಸ ಬಹುಪಾಲು ಕೆಡುತ್ತದೆ: ಎರಡು ವಾರದಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಅಥವಾ ಬಿಳಿ ಅಂಗಿಗೆ ಅಂಟುತ್ತದೆ, ಅಥವಾ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿ ಚುಕ್ಕೆ ಹಿಡಿದಂತೆ ಕಾಣುತ್ತದೆ. ಆಗ ಬೈಗುಳ ಬೀಳುವುದು ಬಣ್ಣದ ಬಾಟಲಿಗೆ. ತಪ್ಪು ಬಾಟಲಿಯಲ್ಲಿ ಇರುವುದು ಅಪರೂಪ. ಈ ತೊಗಲಿನ ಮೇಲೆ ಕಾರ್ಖಾನೆಯವರು ಈಗಾಗಲೇ ಏನು ಕೂರಿಸಿದ್ದಾರೆ, ನಾವು ಹಾಕುವ ಬಣ್ಣ ಎಲ್ಲಿ ಹೋಗಿ ಕೂರಬೇಕು ಎಂಬ ಎರಡು ವಿಷಯ ತಿಳಿಯದೆ ಕುಂಚ ಹಿಡಿದದ್ದೇ ತಪ್ಪು. ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಬಣ್ಣ, ಎಷ್ಟು ಲೇಪ, ಯಾವ ಕ್ರಮ ಎಂಬುದೆಲ್ಲ ತಾನಾಗಿ ಹಿಂದೆ ಬರುತ್ತದೆ.

ಬಣ್ಣ ಕೂರುವ ಜಾಗ ಎರಡೇ. ಒಂದು, ತೊಗಲಿನ ನಾರಿನ ಒಳಗೆ. ಇನ್ನೊಂದು, ತೊಗಲಿನ ಮೇಲ್ಮೈ ಮೇಲೆ. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಿಲ್ಲ. ಗೊಂಬೆ ಮಾಡುವವರು ಆಡಿನ ಚರ್ಮವನ್ನು ಕೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ, ಎರಡೂ ಬದಿಗೆ ಬಣ್ಣ ಹಾಕುತ್ತಾರೆ. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಪರದೆಯ ಮೇಲೆ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಮೂಡುತ್ತದೆ. ಬಣ್ಣ ಚರ್ಮದೊಳಗೆ ಇಳಿದಿದೆ, ಬೆಳಕಿಗೆ ಅಡ್ಡ ನಿಲ್ಲುವುದಿಲ್ಲ. ಅದೇ ಚರ್ಮಕ್ಕೆ ಕಿಟಕಿಯ ಕಂಬಿಗೆ ಬಳಿಯುವ ಪೇಂಟ್ ಬಳಿದರೆ ಪರದೆಯ ಮೇಲೆ ಕಾಣುವುದು ಬರಿಯ ಕಪ್ಪು ನೆರಳು. ಮೊದಲನೆಯದನ್ನು ವ್ಯಾಪಾರದಲ್ಲಿ ಡೈ ಎನ್ನುತ್ತಾರೆ, ಎರಡನೆಯದನ್ನು ಪೇಂಟ್ ಅಥವಾ ಪಿಗ್ಮೆಂಟ್. ಡೈ ದ್ರವದಲ್ಲಿ ಪೂರ್ತಿ ಕರಗಿ ನಾರಿನೊಳಕ್ಕೆ ಇಳಿಯುತ್ತದೆ, ಕೆಳಗಿನ ಬಣ್ಣವನ್ನು ಮುಚ್ಚದೆ ಅದರೊಡನೆ ಬೆರೆಯುತ್ತದೆ. ಪಿಗ್ಮೆಂಟ್ ಕರಗುವುದಿಲ್ಲ. ಅದರ ಪುಡಿ ಒಂದು ಅಂಟಿನಲ್ಲಿ ತೇಲುತ್ತ, ಒಣಗಿದ ಮೇಲೆ ತೆಳ್ಳಗಿನ ಹೊದಿಕೆಯಾಗಿ ಕೆಳಗಿನದನ್ನು ಮರೆಮಾಡುತ್ತದೆ. ಒಂದಕ್ಕೆ ಒಳಗೆ ಹೋಗಲು ದಾರಿ ಬೇಕು, ಇನ್ನೊಂದಕ್ಕೆ ಮೇಲೆ ಹಿಡಿದುಕೊಳ್ಳಲು ಹಿಡಿತ ಬೇಕು. ಅಂಗಡಿಯಿಂದ ಬಂದ ಸಿದ್ಧ ವಸ್ತುವಿನಲ್ಲಿ ಹೆಚ್ಚಿನ ಸಲ ಎರಡೂ ಇರುವುದಿಲ್ಲ. ಎಲ್ಲ ತೊಡಕು ಹುಟ್ಟುವುದು ಇಲ್ಲಿಂದ.

ಏಕೆ ಇರುವುದಿಲ್ಲ ಎಂದರೆ, ಹಸಿ ಚರ್ಮ ಕೊಳೆಯದಂತೆ ಹದ ಮಾಡಿದ ಮೇಲೂ ಕಾರ್ಖಾನೆಯಲ್ಲಿ ಅದರ ಕೆಲಸ ಮುಗಿಯುವುದಿಲ್ಲ. ಹದದಲ್ಲಿ ಎರಡು ದೊಡ್ಡ ದಾರಿಗಳಿವೆ. ತೊಗಟೆ, ಕಾಯಿಗಳ ಒಗರನ್ನು ಚರ್ಮಕ್ಕೆ ಉಣಿಸುವುದು ಹಳೆಯದು; ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ನಮ್ಮ ಕಡೆ ಬಳಕೆಯಲ್ಲಿದ್ದವು, ಇಂದೂ ಅಲ್ಲಲ್ಲಿ ಇವೆ. ಕ್ರೋಮಿಯಂ ಲವಣದಿಂದ ಹದ ಮಾಡುವುದು ಹೊಸದು. 1884ರಲ್ಲಿ ನ್ಯೂಯಾರ್ಕಿನ ಅಗಸ್ಟಸ್ ಷುಲ್ಟ್ಸ್ ಅದಕ್ಕೆ ಪೇಟೆಂಟ್ ಪಡೆದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದ್ರಾಸಿನಲ್ಲಿ ಆ ವಿಧಾನವನ್ನು ಪ್ರಯೋಗಿಸಿ ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಇಂದು ಬೂಟು, ಚೀಲ, ಸೋಫಾಗಳಿಗೆ ಬರುವ ತೊಗಲಿನಲ್ಲಿ ಬಹುಪಾಲು ಕ್ರೋಮ್ ಹದದ್ದೇ. ಹದವಾದ ತೊಗಲಿಗೆ ಡೈ ಹಾಕಿ, ಮೆದುವಾಗಲು ಎಣ್ಣೆ ಉಣಿಸಿ, ಕೊನೆಗೆ ಮೇಲ್ಮೈಗೆ ಪಿಗ್ಮೆಂಟ್ ಲೇಪ ಕೊಟ್ಟು, ಅದರ ಮೇಲೆ ಅಕ್ರಿಲಿಕ್ ಅಥವಾ ಪಾಲಿಯುರೆಥೇನಿನ ಪಾರದರ್ಶಕ ಹೊದಿಕೆ ಎಳೆಯುತ್ತಾರೆ. ಸೊಳ್ಳೆ ಕಚ್ಚಿದ ಗುರುತು, ಬೇಲಿ ಗೀಚಿದ ಗಾಯ ಎಲ್ಲವನ್ನೂ ಮುಚ್ಚಿ ಪ್ರತಿ ಚೀಲವೂ ಒಂದೇ ರೀತಿ ಕಾಣಲು ಇದು ಬೇಕು. ಮಳೆ ಹನಿ, ಕಾಫಿ ಕಲೆ ಒಳಗಿಳಿಯದಂತೆ ತಡೆಯುವುದೂ ಇದೇ ಹೊದಿಕೆ. ಕಾಫಿಯನ್ನು ತಡೆಯುವ ಹೊದಿಕೆ ನಮ್ಮ ಡೈಯನ್ನೂ ತಡೆಯುತ್ತದೆ.

ಆದ್ದರಿಂದ ಮೊದಲ ಕೆಲಸ ಪರೀಕ್ಷೆ. ಬೆಲ್ಟಿನಲ್ಲಿ ಬಕಲ್ ಹತ್ತಿರ ಮಡಚಿದ ಭಾಗ, ಬೂಟಿನಲ್ಲಿ ನಾಲಿಗೆಯ ಮೇಲ್ತುದಿ, ಚೀಲದಲ್ಲಿ ಮುಚ್ಚಳದ ಒಳಬದಿ, ಹೀಗೆ ಕಣ್ಣಿಗೆ ಬೀಳದ ಒಂದು ಜಾಗ ಹುಡುಕಬೇಕು. ಅಲ್ಲಿ ಹಿಂಬದಿ ಕಾಣುವಂತಿದ್ದರೆ ನಾರುನಾರಾಗಿದೆಯೇ ನೋಡಿ. ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್. ತೊಗಲಿನ ಚೂರುಗಳನ್ನು ಅಂಟಿನಲ್ಲಿ ಒತ್ತಿ ಹಾಳೆ ಮಾಡಿ ಮೇಲೆ ಪ್ಲಾಸ್ಟಿಕ್ ಪದರ ಕೊಟ್ಟ ಮಾಲೂ ಈಗ ಧಾರಾಳವಾಗಿದೆ, 'ಅಸಲಿ ಲೆದರ್' ಎಂಬ ಚೀಟಿಯನ್ನೂ ಹೊತ್ತುಕೊಂಡು ಬರುತ್ತದೆ. ಇವೆರಡಕ್ಕೂ ಡೈ ಹಿಡಿಯುವುದಿಲ್ಲ. ಮೇಲ್ಪದರ ಆಗಲೇ ಸಿಪ್ಪೆ ಏಳುತ್ತಿದ್ದರೆ ಪೇಂಟಿಗೆ ಖರ್ಚು ಮಾಡುವುದೂ ದಂಡ. ಅಸಲಿ ತೊಗಲೇ ಎಂದು ಖಾತ್ರಿಯಾದರೆ ಒಂದು ಹನಿ ನೀರು ಬಿಟ್ಟು ಒಂದೆರಡು ನಿಮಿಷ ಕಾಯಬೇಕು. ಹನಿ ಇಂಗಿ ಜಾಗ ಕಪ್ಪಾದರೆ ದಾರಿ ತೆರೆದಿದೆ, ಡೈ ಒಳಗೆ ಹೋಗುತ್ತದೆ. ಹನಿ ಕೆಸುವಿನೆಲೆಯ ಮೇಲಿನಂತೆ ದುಂಡಗೆ ನಿಂತರೆ ಮೇಲೆ ಹೊದಿಕೆ ಇದೆ, ಅಥವಾ ತೊಗಲಿಗೆ ಮೇಣ, ಎಣ್ಣೆ ಹೆಚ್ಚಾಗಿ ಕುಡಿಸಿದ್ದಾರೆ. ಇವೆರಡರಲ್ಲಿ ಯಾವುದು ಎಂದು ತಿಳಿಯಲು ಉಗುರಿನಿಂದ ಮೆಲ್ಲಗೆ ಗೀರಿ ನೋಡಿ: ಗೀರು ತಿಳಿಬಣ್ಣವಾಗಿ ಮೂಡಿ, ಬೆರಳಿನಿಂದ ತಿಕ್ಕಿದಾಗ ಮಾಯವಾದರೆ ಅದು ಮೇಣದ ತೊಗಲು. ಕೊನೆಯದಾಗಿ, ಹತ್ತಿಯ ತುದಿಗೆ ಅಸಿಟೋನ್ ಅದ್ದಿ ಅದೇ ಜಾಗದಲ್ಲಿ ಹತ್ತು ಸಲ ಉಜ್ಜಿದರೆ ಹತ್ತಿಗೆ ಬಣ್ಣ ಹತ್ತುತ್ತದೆಯೇ, ಮೇಲ್ಮೈ ಅಂಟಂಟಾಗುತ್ತದೆಯೇ, ಇಲ್ಲ ಏನೂ ಆಗುವುದಿಲ್ಲವೇ ಎಂಬುದು ಗೊತ್ತಾಗುತ್ತದೆ. ಏನೂ ಆಗದಿದ್ದರೆ ಗಟ್ಟಿ ಪಾಲಿಯುರೆಥೇನ್ ಹೊದಿಕೆ ಇದೆ ಎಂದೇ ತಿಳಿಯಬೇಕು. ಅದು ಅಸಿಟೋನಿಗೆ ಬಗ್ಗುವುದಿಲ್ಲ. ಹತ್ತು ನಿಮಿಷದ ಈ ಪರೀಕ್ಷೆ ಮುಂದಿನ ಎರಡು ದಿನದ ಕೆಲಸ ಹೇಗಿರಬೇಕೆಂದು ಹೇಳಿಬಿಡುತ್ತದೆ.

ಈಗ ಬಣ್ಣದ ಆಯ್ಕೆ. ಡೈ ಮುಚ್ಚುವುದಿಲ್ಲ, ಬೆರೆಯುತ್ತದೆ ಎಂಬುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಳದಿ ಸೀರೆಯನ್ನು ನೀಲಿ ಬಣ್ಣದಲ್ಲಿ ಅದ್ದಿದರೆ ಹಸಿರಾಗುತ್ತದೆ, ಕಪ್ಪು ಸೀರೆಯನ್ನು ಹಳದಿಯಲ್ಲಿ ಎಷ್ಟು ಅದ್ದಿದರೂ ಕಪ್ಪಾಗಿಯೇ ಉಳಿಯುತ್ತದೆ. ತೊಗಲಿಗೂ ಅಷ್ಟೇ. ತಿಳಿಕಂದಿನಿಂದ ಕಡುಕಂದಿಗೆ, ಕಂದಿನಿಂದ ಕಪ್ಪಿಗೆ, ಕೆಂಪಿನಿಂದ ಕಡುಗೆಂಪಿಗೆ ಡೈ ಸುಲಭವಾಗಿ ಕರೆದೊಯ್ಯುತ್ತದೆ. ತಿರುಗಿ ಬರುವ ದಾರಿ ಅದಕ್ಕಿಲ್ಲ. ತಿಳಿಬಣ್ಣಕ್ಕೆ ಹೋಗಬೇಕಾದರೆ ಪೇಂಟೊಂದೇ ಗತಿ. ಬ್ಲೀಚ್ ಹಾಕಿ ಹಳೆಯ ಬಣ್ಣ ತೆಗೆದು ಆಮೇಲೆ ತಿಳಿಬಣ್ಣದ ಡೈ ಹಾಕಬಹುದಲ್ಲ ಎಂದು ಕೆಲವರಿಗೆ ತೋಚಬಹುದು. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿರುವ ಹೈಪೋಕ್ಲೋರೈಟ್ ಹತ್ತಿಯ ಮೇಲಿನ ಕಲೆ ತೆಗೆಯುತ್ತದೆ, ಸರಿ. ಆದರೆ ಹತ್ತಿ ಗಿಡದ ನಾರು, ತೊಗಲು ಪ್ರೋಟೀನ್. ಪ್ರೋಟೀನಿನ ನಾರನ್ನೇ ಅದು ತಿಂದುಹಾಕುತ್ತದೆ. ಬಣ್ಣ ಹೋಗುವ ಹೊತ್ತಿಗೆ ತೊಗಲಿನ ಕಸುವೂ ಹೋಗಿರುತ್ತದೆ. ಹೀಗಾಗಿ ಮೊದಲ ಸಲ ಕೈ ಹಾಕುವವರು ಇರುವ ಬಣ್ಣಕ್ಕಿಂತ ಕಡುವಾದ ಬಣ್ಣವನ್ನೇ ಆರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ವಿವೇಕ. ಅದರಲ್ಲೂ ಬೆಲ್ಟ್ ಅಥವಾ ಪರ್ಸಿನಿಂದ ಶುರುಮಾಡಿದರೆ ಕೆಟ್ಟರೂ ನಷ್ಟ ಸಣ್ಣದು, ಕಲಿಕೆ ದೊಡ್ಡದು.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳಬೇಕಾದದ್ದು, ಜನ ಅತಿ ಕಡಿಮೆ ಹೊತ್ತು ಕೊಡುವುದು ಹಳೆಯ ಹೊದಿಕೆ ತೆಗೆಯಲು. ಹಿಂದಿನ ದಿನವೇ ವಸ್ತುವಿನ ಧೂಳು ಕೊಡವಿ, ಸೌಮ್ಯ ಸೋಪಿನ ನೊರೆ ಹಚ್ಚಿದ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ವರ್ಷಗಟ್ಟಲೆ ಪಾಲಿಶ್ ಕಂಡ ಬೂಟಿನ ಮೇಲೆ ಮೇಣ ಪದರಪದರವಾಗಿ ಕೂತಿರುತ್ತದೆ. ಚೀಲದ ಹಿಡಿಕೆಯಲ್ಲಿ ಕೈಯ ಬೆವರು, ತಲೆಗೆ ಹಚ್ಚಿದ ಎಣ್ಣೆ ಸೇರಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆ ಇವನ್ನು ಎತ್ತುತ್ತದೆ. ಅದಾದ ಮೇಲೆ ಅಸಿಟೋನ್. ಬಿಳಿ ಬಟ್ಟೆಯನ್ನು ಅದರಲ್ಲಿ ನೆನೆಸಿ ಹಿಂಡಿ, ಅಂಗೈಯಗಲ ಜಾಗವನ್ನು ಒಮ್ಮೆಗೆ ಹಿಡಿದು, ಒತ್ತಡವಿಲ್ಲದೆ ಒಂದೇ ದಿಕ್ಕಿನಲ್ಲಿ ಒರೆಸುತ್ತ ಹೋಗಬೇಕು. ಬಟ್ಟೆ ಬಣ್ಣ ಹೀರಿಕೊಂಡಂತೆ ಹೊಸ ಬದಿಗೆ ತಿರುಗಿಸದಿದ್ದರೆ ಎತ್ತಿದ ಬಣ್ಣವನ್ನೇ ಮತ್ತೆ ಬಳಿದಂತಾಗುತ್ತದೆ. ಹೊಳಪು ಹೋಗಿ ಮೇಲ್ಮೈ ಸುಣ್ಣ ಬಳಿದ ಗೋಡೆಯಂತೆ ಮಂಕಾದಾಗ ನಿಲ್ಲಿಸಬೇಕು. ಹಳೆಯ ಬಣ್ಣವೆಲ್ಲ ಹೋಗಲಿ ಎಂದು ಉಜ್ಜುತ್ತಲೇ ಇದ್ದರೆ ತೊಗಲಿನೊಳಗಿನ ಎಣ್ಣೆಯೂ ಬರುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಅಸಿಟೋನಿಗೆ ಬಗ್ಗದ ಹೊದಿಕೆಗೆ 400ರಿಂದ 600 ನಂಬರಿನ ನಯವಾದ ಉಪ್ಪುಕಾಗದ ಬೇಕು. ಅದನ್ನೂ ಹೊಳಪು ಮುರಿಯುವಷ್ಟು ಮಾತ್ರ ಆಡಿಸಬೇಕು. ರಂಧ್ರಗಳ ವಿನ್ಯಾಸ ಅಳಿಸಿದರೆ ತೊಗಲು ತೊಗಲಿನಂತೆ ಕಾಣುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವ ಅಸಿಟೋನಿಗೆ ಬದಲಿಯಲ್ಲ. ಕೆಲವದರಲ್ಲಿ ಅಸಿಟೋನೇ ಇರುವುದಿಲ್ಲ, ಕೆಲವದರಲ್ಲಿ ಉಗುರು ಒಣಗದಿರಲೆಂದು ಎಣ್ಣೆ ಸೇರಿಸಿರುತ್ತಾರೆ, ಆ ಎಣ್ಣೆ ಮುಂದಿನ ಬಣ್ಣಕ್ಕೆ ಶತ್ರು.

ಒಂದು ಎಚ್ಚರವನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಅಸಿಟೋನೂ ಆಲ್ಕೊಹಾಲೂ ಬಲು ಬೇಗ ಹೊತ್ತಿಕೊಳ್ಳುವಂಥವು. ಅವುಗಳ ಆವಿ ಗಾಳಿಗಿಂತ ಭಾರ; ನೆಲದ ಮೇಲೆ ಹರಿದು ಹೋಗಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಗ್ಯಾಸ್ ಒಲೆ ಉರಿಯುವ ಮನೆಯಲ್ಲಿ, ದೇವರ ಮುಂದೆ ದೀಪ ಹಚ್ಚಿರುವಾಗ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಕೂಡದು. ತಾರಸಿಯ ನೆರಳು ಅಥವಾ ತೆರೆದ ಜಗಲಿ ಒಳ್ಳೆಯದು. ಮಕ್ಕಳನ್ನು ದೂರ ಇರಿಸಿ ಕೈಗೆ ನೈಟ್ರೈಲ್ ಕೈಗವಸು ಹಾಕಿಕೊಳ್ಳಬೇಕು, ಅದು ಅಸಿಟೋನಿಗೆ ಬೇಗ ಮೆತ್ತಗಾಗುವುದರಿಂದ ಆಗಾಗ ಬದಲಿಸುತ್ತಿರಬೇಕು. ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಕಸದ ಡಬ್ಬಿಗೆ ತುರುಕದೆ ಹೊರಗೆ ಹರವಿ ಆರಿಸಿ ಆಮೇಲೆ ಎಸೆಯಬೇಕು.

ದಾರಿ ತೆರೆದ ತೊಗಲಿಗೆ ಡೈ ಹಾಕುವುದು ಆತುರ ತಡೆದುಕೊಳ್ಳುವ ಕೆಲಸ. ತೊಗಲಿಗೆಂದೇ ಮಾಡಿದ ಸ್ಪಿರಿಟ್ ಡೈ ಅಥವಾ ಆಯಿಲ್ ಡೈ ಬೇಕು; ಅಮೆರಿಕದ ಮಿಲ್ವಾಕಿಯಲ್ಲಿ 1895ರಲ್ಲಿ ಹುಟ್ಟಿದ ಫೀಬಿಂಗ್ಸ್ ಕಂಪನಿಯ ಡೈ ಆನ್‌ಲೈನಿನಲ್ಲಿ ಸಿಗುತ್ತದೆ, ಬೂಟು ಚೀಲ ತಯಾರಿಸುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲೂ ಇಂಥ ಡೈ ಇರುತ್ತದೆ. ಲೋಹದ ಬಕಲ್, ಗುಂಡಿ, ಬೂಟಿನ ಅಟ್ಟೆಯ ಅಂಚು ಇವಕ್ಕೆ ಮಾಸ್ಕಿಂಗ್ ಟೇಪ್ ಸುತ್ತಬೇಕು. ಹೊಲಿಗೆಯ ವಿಷಯ ಬೇರೆ. ಹತ್ತಿ ದಾರವಾದರೆ ತೊಗಲಿಗಿಂತ ಮೊದಲೇ ಬಣ್ಣ ಕುಡಿಯುತ್ತದೆ; ಈಗಿನ ಪಾಲಿಯೆಸ್ಟರ್, ನೈಲಾನ್ ದಾರ ಸರಿಯಾಗಿ ಹಿಡಿಯುವುದಿಲ್ಲ. ಕಪ್ಪಾದ ಚೀಲದ ಮೇಲೆ ಹಳೆಯ ಕೆನೆಬಣ್ಣದ ಹೊಲಿಗೆ ಎದ್ದು ಕಾಣುವುದು ಕೆಲವರಿಗೆ ಚೆಂದ, ಕೆಲವರಿಗೆ ಕಿರಿಕಿರಿ. ಮೊದಲೇ ಗೊತ್ತಿದ್ದರೆ ಆಮೇಲೆ ಪೇಚಾಡಬೇಕಿಲ್ಲ. ಡೈಯನ್ನು ಒಮ್ಮೆಗೇ ದಟ್ಟವಾಗಿ ಸುರಿಯದೆ, ಅದೇ ಕಂಪನಿಯ ತೆಳುಗೊಳಿಸುವ ದ್ರವ ಬೆರೆಸಿ, ಉಣ್ಣೆಯ ಉಂಡೆ ಅಥವಾ ಹಳೆಯ ಬನಿಯನ್ ಬಟ್ಟೆಯಲ್ಲಿ ಸ್ವಲ್ಪವೇ ತೆಗೆದುಕೊಂಡು ಸಣ್ಣ ಸಣ್ಣ ಸುತ್ತು ಹಾಕುತ್ತ ಹಚ್ಚಬೇಕು. ಒಂದು ಹೊಲಿಗೆಯಿಂದ ಮುಂದಿನ ಹೊಲಿಗೆಯವರೆಗಿನ ಭಾಗವನ್ನು ನಡುವೆ ನಿಲ್ಲಿಸದೆ ಮುಗಿಸಬೇಕು. ಅರ್ಧ ಹಚ್ಚಿ ಫೋನಿಗೆ ಎದ್ದು ಹೋದರೆ ಒಣಗಿದ ಅಂಚಿನಲ್ಲಿ ಗೆರೆ ಬೀಳುತ್ತದೆ, ಆ ಗೆರೆ ಮತ್ತೆ ಹೋಗುವುದಿಲ್ಲ. ಒದ್ದೆಯಾಗಿದ್ದಾಗ ಎಲ್ಲ ಬಣ್ಣವೂ ಕಡುವಾಗಿಯೇ ಕಾಣುವುದರಿಂದ, ಮೊದಲ ಲೇಪ ಒಣಗಿದ ಮೇಲೆಯೇ ಎರಡನೆಯದು ಬೇಕೇ ಎಂದು ನಿರ್ಧರಿಸಬೇಕು. ಸಾಮಾನ್ಯವಾಗಿ ಎರಡು ಮೂರು ತೆಳು ಲೇಪ ಸಾಕು. ಒಂದು ದಿನ ಒಣಗಿಸಿ, ಒಣ ಬಟ್ಟೆಯಿಂದ ತಿಕ್ಕುತ್ತ ಹೋದರೆ ನಾರಿನೊಳಗೆ ಜಾಗ ಸಿಗದೆ ಮೇಲೆಯೇ ಉಳಿದ ಬಣ್ಣದ ಪುಡಿ ಬಟ್ಟೆಗೆ ಬರುತ್ತದೆ. ಬಟ್ಟೆ ಬಿಳಿಯಾಗಿ ಉಳಿಯುವವರೆಗೆ ಇದನ್ನು ಬಿಡಬಾರದು. ಅಂಗಿಗೆ ಬಣ್ಣ ಅಂಟುವ ದೂರಿನ ಮೂಲ ಈ ಪುಡಿಯೇ.

ಹೊದಿಕೆಯ ತೊಗಲಿಗೆ, ತಿಳಿಬಣ್ಣ ಬೇಕಾದವರಿಗೆ, ಪೇಂಟ್. ಇದು ಅಕ್ರಿಲಿಕ್ ಆಗಿದ್ದರೂ ಚಿತ್ರಕಲೆಯ ಅಕ್ರಿಲಿಕ್ ಅಲ್ಲ. ತೊಗಲಿನ ಪೇಂಟಿನ ಅಂಟು ಮೆದು, ಬಗ್ಗಿದರೆ ಬಗ್ಗುತ್ತದೆ. ಏಂಜಲಸ್ ಎಂಬ ಹೆಸರಿನದು ಬೂಟಿಗೆ ಬಣ್ಣ ಹಾಕುವವರ ನಡುವೆ ಚಾಲ್ತಿಯಲ್ಲಿದೆ. ಇಲ್ಲಿ ಒಂದೇ ನಿಯಮ: ಪ್ರತಿ ಲೇಪವೂ ನಾಚಿಕೆಪಡುವಷ್ಟು ತೆಳುವಾಗಿರಬೇಕು. ಮೊದಲ ಲೇಪದಲ್ಲಿ ಹಳೆಯ ಬಣ್ಣ ಇಣುಕುತ್ತಲೇ ಇರಲಿ. ಮುಚ್ಚಿಬಿಡೋಣ ಎಂದು ದಪ್ಪ ಬಳಿದರೆ ಮೇಲ್ಭಾಗ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ, ಮೊದಲ ಮಡಿಕೆಗೇ ಸೀಳುತ್ತದೆ. ಲೇಪದಿಂದ ಲೇಪಕ್ಕೆ ಅರ್ಧ ಗಂಟೆ ಬಿಟ್ಟು, ಒಂದು ಲೇಪ ಅಡ್ಡಕ್ಕೆ, ಮುಂದಿನದು ಉದ್ದಕ್ಕೆ ಎಳೆದರೆ ಕುಂಚದ ಗೆರೆ ನಿಲ್ಲುವುದಿಲ್ಲ. ಕಪ್ಪಿನ ಮೇಲೆ ಕೆನೆಬಣ್ಣ ಬರಲು ನಾಲ್ಕೈದು ಲೇಪ ಬೇಕಾದೀತು. ಮುಟ್ಟಿದರೆ ಒಣಗಿದಂತೆ ಕಂಡರೂ ಪೇಂಟ್ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ವಸ್ತುವನ್ನು ಬಳಸದೆ ಇಡಬೇಕು. ಸ್ವೀಡಿನಂಥ ರೋಮರೋಮದ ತೊಗಲಿಗೆ ಪೇಂಟ್ ಸಲ್ಲದು. ರೋಮಗಳು ಅಂಟಿಕೊಂಡು ಹಪ್ಪಳದಂತಾಗುತ್ತದೆ. ಅದಕ್ಕೆ ಡೈ ಹಾಕಿ, ಒಣಗಿದ ಮೇಲೆ ಬ್ರಷ್ಷಿನಿಂದ ರೋಮ ಎಬ್ಬಿಸಬೇಕು.

ಪೇಂಟ್ ಎಷ್ಟಾದರೂ ಮೇಲಿನದೇ, ಒಂದಲ್ಲ ಒಂದು ದಿನ ಬಿರುಕು ಬಿಟ್ಟೇ ಬಿಡುತ್ತದೆ, ಅಂದ ಮೇಲೆ ಏಕೆ ಹಾಕಬೇಕು ಎಂಬ ಆಕ್ಷೇಪವಿದೆ. ಇದರಲ್ಲಿ ಹುರುಳಿದೆ. ಬೂಟಿನ ಬೆರಳ ಮಡಿಕೆ, ಬೆಲ್ಟಿನ ತೂತುಗಳ ಸುತ್ತ, ಪರ್ಸಿನ ನಡುಮಡಿಕೆ, ಜಾಕೆಟ್ಟಿನ ಮೊಣಕೈ, ಇವು ದಿನವೂ ಮತ್ತೆ ಮತ್ತೆ ಬಗ್ಗುವ ಜಾಗಗಳು. ಪೇಂಟ್ ಮೊದಲು ಸೋಲುವುದು ಅಲ್ಲೇ. ಆದರೆ ಕಾರ್ಖಾನೆಯ ಹೊದಿಕೆಯೂ ಪಿಗ್ಮೆಂಟೇ, ಅದೂ ತೊಗಲಿನ ಮೇಲೆಯೇ ಕೂತಿದೆ, ಅದು ವರ್ಷಗಟ್ಟಲೆ ಬಾಳಿದ್ದನ್ನು ನಾವೇ ನೋಡಿದ್ದೇವೆ. ಮೇಲೆ ಕೂತದ್ದೆಲ್ಲ ಬೇಗ ಹೋಗುತ್ತದೆ ಎನ್ನುವುದಾದರೆ ಅದೂ ಹೋಗಬೇಕಿತ್ತು. ಹಿಡಿತ ಸಿಕ್ಕಿತೋ ಇಲ್ಲವೋ, ಲೇಪ ತೆಳುವೋ ದಪ್ಪವೋ ಎಂಬುದರ ಮೇಲೆ ಬಾಳಿಕೆ ನಿಂತಿದೆ. ಹೆಚ್ಚು ಬಗ್ಗದ ವಸ್ತುವಿಗೆ, ಅಂದರೆ ಕಡತದ ಚೀಲ, ಡಬ್ಬಿ ಆಕಾರದ ಕೈಚೀಲ, ಪುಸ್ತಕದ ಹೊದಿಕೆಗಳಿಗೆ, ಪೇಂಟನ್ನು ಧೈರ್ಯವಾಗಿ ಹಾಕಬಹುದು. ದಿನವೂ ಬಗ್ಗುವ ವಸ್ತುವಿಗೆ ಹೊದಿಕೆಯನ್ನು ಸಾಧ್ಯವಾದಷ್ಟು ತೆಗೆದು, ಮೊದಲು ಹತ್ತಿರದ ಬಣ್ಣದ ಡೈ ಉಣಿಸಿ, ಅದರ ಮೇಲೆ ಪೇಂಟ್ ಎಳೆದರೆ ನಾಳೆ ಮಡಿಕೆಯಲ್ಲಿ ಪೇಂಟ್ ಸವೆದರೂ ಕೆಳಗಿಂದ ಹಳೆಯ ಬಣ್ಣ ಹಲ್ಲು ಕಿರಿಯುವುದಿಲ್ಲ.

ಇಷ್ಟೆಲ್ಲ ಏಕೆ, ಒಂದು ಡಬ್ಬಿ ಕಪ್ಪು ಪಾಲಿಶ್ ಸಾಲದೇ ಎನ್ನುವವರಿದ್ದಾರೆ. ಪಾಲಿಶ್ ಎಂದರೆ ಮೇಣ, ಅದನ್ನು ಕರಗಿಸುವ ದ್ರಾವಕ, ಜೊತೆಗೆ ಚೂರು ಬಣ್ಣ. ಅದು ಗೀರು ಮರೆಸಲು, ಹೊಳಪು ಕೊಡಲು ಹುಟ್ಟಿದ್ದು. ಕಂದು ಬೂಟಿಗೆ ತಿಂಗಳಾನುಗಟ್ಟಲೆ ಕಪ್ಪು ಪಾಲಿಶ್ ತಿಕ್ಕಿದರೆ ಕಡುವಾಗುತ್ತ ಬರುವುದು ನಿಜ. ಆದರೆ ಮೇಣ ಬೆವರಿಗೆ, ಶಾಖಕ್ಕೆ ಮೆತ್ತಗಾಗಿ ಉಡುಪಿಗೆ ಹತ್ತುತ್ತದೆ. ಕಾಲಿನಲ್ಲಿರುವ ಬೂಟಿಗೆ ಅದು ನಡೆದೀತು, ಹೆಗಲಿಗೆ ತಗುಲುವ ಚೀಲಕ್ಕೆ ನಡೆಯದು. ಬಟ್ಟೆಗೆ ಹಾಕುವ ಬಣ್ಣದ ಪುಡಿ ಅಗ್ಗ ಎಂಬ ವಾದವೂ ಇದೆ. ಹತ್ತಿಯ ಬಣ್ಣಗಳು ಬಿಸಿ ನೀರು ಕೇಳುತ್ತವೆ, ಕೆಲವು ಸೋಡಾ ಕೇಳುತ್ತವೆ. ತೊಗಲಿನ ನಾರು ಸ್ವಭಾವತಃ ತುಸು ಆಮ್ಲೀಯ, ಕ್ಷಾರವನ್ನು ಸಹಿಸದು. ಶಾಖದ ಮಾತಂತೂ ಇನ್ನೂ ಕಟ್ಟುನಿಟ್ಟು: ತೊಗಟೆ ಹದದ ಒದ್ದೆ ತೊಗಲು ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುರುಟಿಕೊಳ್ಳುತ್ತದೆ, ಆಮೇಲೆ ಅದನ್ನು ಯಾರೂ ಬಿಡಿಸಲಾರರು. ಇನ್ನು ಕಬ್ಬಿಣದ ಗೇಟಿಗೆ ಹೊಡೆಯುವ ಸ್ಪ್ರೇ ಪೇಂಟ್ ಗಟ್ಟಿಯಾಗಲೆಂದೇ ಮಾಡಿದ್ದು. ಗೇಟು ಬಗ್ಗುವುದಿಲ್ಲ, ತೊಗಲು ಬಗ್ಗುತ್ತದೆ.

ಅಂಗಡಿಯ ಡೈ ಬೇಡವೆನ್ನುವವರಿಗೆ ಕಪ್ಪಿನ ಮಟ್ಟಿಗೆ ಒಂದು ಹಳೆಯ ದಾರಿ ಇದೆ, ಅದು ಬಹಳ ಸೊಗಸಾದದ್ದೂ ಹೌದು. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದರು. ಅನ್ನಭೇದಿ ಎಂದರೆ ಕಬ್ಬಿಣದ ಸಲ್ಫೇಟ್. ಕಲಂಕಾರಿ ಕಲಾವಿದರು ಅಳಲೆಕಾಯಿಯ ಕಷಾಯದಲ್ಲಿ ಅದ್ದಿದ ಬಟ್ಟೆಯ ಮೇಲೆ ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿದ ನೀರಿನಿಂದ ಕಪ್ಪು ಗೆರೆ ಎಳೆಯುತ್ತಾರೆ. ಎರಡರಲ್ಲೂ ನಡೆಯುವುದು ಒಂದೇ: ಒಗರಿಗೂ ಕಬ್ಬಿಣಕ್ಕೂ ಸಂಗವಾದ ಜಾಗದಲ್ಲಿ ಕಪ್ಪು ಹುಟ್ಟುತ್ತದೆ. ತೊಗಟೆ ಹದದ ತೊಗಲಿನ ನಾರಿನಲ್ಲಿ ಒಗರು ಆಗಲೇ ತುಂಬಿಕೊಂಡಿರುವುದರಿಂದ ನಾವು ಕೊಡಬೇಕಾದದ್ದು ಕಬ್ಬಿಣ ಮಾತ್ರ. ಎಣ್ಣೆ ಜಿಡ್ಡು ತೊಳೆದ ಕಬ್ಬಿಣದ ನಾರನ್ನು ಬಿಳಿ ವಿನೆಗರಿನಲ್ಲಿ ಹಾಕಿ, ಮುಚ್ಚಳ ಸಡಿಲವಾಗಿಟ್ಟು, ಎರಡು ವಾರ ಬಿಟ್ಟು ಸೋಸಿದರೆ ಕಬ್ಬಿಣದ ನೀರು ಸಿದ್ಧ. ಹೈಡ್ರೋಜನ್ ಹೊರಡುವುದರಿಂದ ಮುಚ್ಚಳ ಬಿಗಿಯಬಾರದು, ಹತ್ತಿರ ಬೆಂಕಿ ಕೂಡದು. ಇದನ್ನು ಹಚ್ಚಿದ ಕೆಲವೇ ನಿಮಿಷಗಳಲ್ಲಿ ತೊಗಲು ಕಣ್ಣೆದುರೇ ಕಪ್ಪಾಗುತ್ತದೆ. ಬಣ್ಣ ನಾರಿನಲ್ಲೇ ಹುಟ್ಟಿದ್ದರಿಂದ ಅಂಗಿಗೆ ಅಂಟುವ ಭಯ ಕಡಿಮೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಗೆ ಇದು ಹೇಳಿ ಮಾಡಿಸಿದಂತಿದೆ. ಆ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. ಅಥಣಿ, ನಿಪ್ಪಾಣಿ ಸುತ್ತಿನ ಕುಶಲಕರ್ಮಿಗಳ ಕೈಯಲ್ಲಿ ತಯಾರಾಗುವ ಆ ಚಪ್ಪಲಿಯ ತೊಗಲು ತೊಗಟೆ ಹದದ್ದು. ಅಂಗಡಿಯಲ್ಲಿ ಮೇಲೆ ಪಾಲಿಶ್ ಹೊಡೆದಿದ್ದರೆ ನೀರಿನ ಹನಿಯೇ ಹೇಳುತ್ತದೆ, ಆಗ ಮೊದಲು ಅದನ್ನು ತೆಗೆಯಬೇಕು. ಕ್ರೋಮ್ ಹದದ ಬೂಟಿಗೆ ಇದೇ ಕಬ್ಬಿಣದ ನೀರು ಹಚ್ಚಿದರೆ ಮಂಕು ಬೂದಿ ಬಣ್ಣದಲ್ಲೇ ನಿಲ್ಲಬಹುದು, ಏಕೆಂದರೆ ಸಂಗಕ್ಕೆ ಒಗರು ಸಾಲದು. ಮನೆಯದ್ದು, ರಾಸಾಯನಿಕವಲ್ಲ, ಆದ್ದರಿಂದ ಅಪಾಯವಿಲ್ಲ ಎಂದುಕೊಳ್ಳುವುದು ಮಾತ್ರ ತಪ್ಪು. ತೊಗಲಿನಲ್ಲಿ ಉಳಿದ ಆಮ್ಲವೂ ಹೆಚ್ಚಾದ ಕಬ್ಬಿಣವೂ ವರ್ಷಗಳು ಕಳೆದಂತೆ ನಾರನ್ನು ಸವೆಸುತ್ತವೆ. ಹಳೆಯ ಕಾಗದಪತ್ರಗಳಲ್ಲಿ ಶಾಯಿ ಬಿದ್ದ ಸಾಲಿನಲ್ಲೇ ಕಾಗದ ತೂತಾಗುವುದೂ ಇದರಿಂದಲೇ. ಹೀಗಾಗಿ ಕಪ್ಪು ಕೂತ ಕೂಡಲೇ, ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಒಮ್ಮೆ ಒರೆಸಿ, ಬೇಗನೆ ಬರಿ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ತೊಗಲಿನ ಎಣ್ಣೆ ಉಣಿಸಬೇಕು.

ಇದನ್ನೆಲ್ಲ ಕಸುಬಿನವರಿಗೇ ಬಿಡಬಾರದೇ ಎಂಬ ಮಾತಿಗೆ ನನ್ನ ಉತ್ತರ, ಕೆಲವನ್ನು ಬಿಡಲೇಬೇಕು ಎಂದೇ. ಸೋಫಾ, ಕಾರಿನ ಸೀಟು, ಪೂರ್ತಿ ಜಾಕೆಟ್, ಬೆಲೆಬಾಳುವ ಚೀಲ ಇವನ್ನು ಒಂದೇ ಸಮನಾಗಿ ಮುಗಿಸಲು ಗಾಳಿಯೊತ್ತಡದ ಸ್ಪ್ರೇ, ಬಣ್ಣ ಹೊಂದಿಸುವ ಕಣ್ಣು ಎರಡೂ ಬೇಕು. ಚಮ್ಮಾರರ ಕೈಯಲ್ಲಿರುವ ತಿಳಿವು ಪುಸ್ತಕದಿಂದ ಬಂದದ್ದಲ್ಲ. ತೊಗಲನ್ನು ಬೆರಳಲ್ಲಿ ಮಡಚಿ ನೋಡಿಯೇ ಅದು ಯಾವ ಹದದ್ದು, ಎಷ್ಟು ಬಾಳೀತು ಎನ್ನಬಲ್ಲ ಆ ವಿದ್ಯೆಯನ್ನು ತಲೆಮಾರುಗಳ ಕಾಲ ಕಾಪಾಡಿದವರನ್ನು ಊರು ಅಂಚಿಗೆ ತಳ್ಳಿತು, ಅವರು ಮಾಡಿದ ಮೆಟ್ಟನ್ನು ಮಾತ್ರ ಮೆಟ್ಟಿಕೊಂಡಿತು. ಒಂದು ಬೆಲ್ಟಿಗೆ ತಾವೇ ಬಣ್ಣ ಹಾಕಿ ನೋಡಿದವರಿಗೆ ಆ ಕೆಲಸದ ಬೆಲೆ ತಿಳಿಯುತ್ತದೆ, ರಸ್ತೆ ಬದಿಯಲ್ಲಿ ಕೂತವರ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮನಸ್ಸು ಬಾರದು. ಆದರೆ ಅವರ ಬಳಿ ಪಾಲಿಶಿನ ಜೊತೆ ಇರುವ ಕಪ್ಪು, ಕಂದು ದ್ರವದ ಬಾಟಲಿ ಹೆಚ್ಚಾಗಿ ಬೂಟಿಗೆ ಬಣ್ಣ ಮರುಕೊಡುವಂಥದ್ದು. ಪೂರ್ತಿ ಬಣ್ಣ ಬದಲಿಸಬೇಕಾದರೆ ಹಳೆಯ ಹೊದಿಕೆ ತೆಗೆದು ಮಾಡಿಕೊಡುತ್ತೀರಾ ಎಂದು ಮೊದಲೇ ಕೇಳಿ, ಅದಕ್ಕೆ ತಗಲುವ ಹೊತ್ತಿಗೂ ಸೇರಿಸಿ ಹಣ ಕೊಡಬೇಕು.

ಡೈ ಆಗಲಿ ಪೇಂಟ್ ಆಗಲಿ, ಕೊನೆಯಲ್ಲಿ ಕಾಪಿನ ಲೇಪವೊಂದು ಬೇಕೇ ಬೇಕು. ಡೈ ಹಾಕಿದ್ದಕ್ಕೆ ತೊಗಲಿನ ಕಂಡೀಷನರ್ ಉಣಿಸಿ, ಒಂದು ದಿನ ಬಿಟ್ಟು, ಮೇಣ ಅಥವಾ ಅಕ್ರಿಲಿಕ್ ಫಿನಿಶರ್. ಪೇಂಟ್ ಹಾಕಿದ್ದಕ್ಕೆ ಅಕ್ರಿಲಿಕ್ ಫಿನಿಶರ್ ಮಾತ್ರ. ಈ ಕ್ರಮ ತಿರುಗುಮುರುಗಾಗಬಾರದು: ಬಣ್ಣಕ್ಕೆ ಮೊದಲೇ ಎಣ್ಣೆ ಕೊಟ್ಟರೆ ತೊಗಲು ಮೆದುವಾಗಿ ಚೆನ್ನಾಗಿ ಹೀರುತ್ತದೆ ಎಂಬ ನಂಬಿಕೆಯಿಂದ ಕೆಲವರು ಕೊಬ್ಬರಿ ಎಣ್ಣೆ ತಿಕ್ಕುತ್ತಾರೆ, ಆ ಎಣ್ಣೆ ಒಳಗಿನ ಜಾಗವನ್ನೆಲ್ಲ ಹಿಡಿದುಕೊಂಡು ಬಣ್ಣಕ್ಕೆ ಬಾಗಿಲು ಹಾಕುತ್ತದೆ. ಹವಾಮಾನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಲೆನಾಡು ಕರಾವಳಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲೇ ನೀರಿರುತ್ತದೆ. ಲೇಪ ಒಣಗುವುದಿಲ್ಲ, ಒಣಗಿದಂತೆ ಕಂಡರೂ ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಸಂಕ್ರಾಂತಿ ಕಳೆದ ಮೇಲಿನ ಒಣ ದಿನಗಳು ಈ ಕೆಲಸಕ್ಕೆ ಹಿತ. ಬೇಗ ಒಣಗಲೆಂದು ಬಿಸಿಲಿಗಿಡುವುದೂ ಕೂದಲು ಒಣಗಿಸುವ ಯಂತ್ರ ಹಿಡಿಯುವುದೂ ಬೇಡ. ವಾರ ಕಳೆದ ಮೇಲೆ ಬಿಳಿ ಬಟ್ಟೆಯ ತುದಿಯನ್ನು ತುಸು ಒದ್ದೆ ಮಾಡಿ, ಹೆಗಲಿಗೆ ತಾಗುವ ಪಟ್ಟಿಯ ಮೇಲೆ ಇಪ್ಪತ್ತು ಸಲ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಇನ್ನೊಮ್ಮೆ ಒಣ ಬಟ್ಟೆಯಲ್ಲಿ ತಿಕ್ಕಿ, ಮತ್ತೊಂದು ತೆಳು ಫಿನಿಶರ್ ಎಳೆದು, ಮತ್ತೆರಡು ದಿನ ಕಾಯಬೇಕು. ಹತ್ತದಿದ್ದರೂ ಮೊದಲ ಕೆಲವು ದಿನ ಆ ಚೀಲವನ್ನು ಬಿಳಿ ಅಂಗಿಯ ಮೇಲೆ ಹಾಕಿಕೊಳ್ಳದಿರುವುದು ಲೇಸು.